ರಾಯಚೂರಿನ ಕಂದಾಯ, ಬೊಲಾರಮಿನ ಸಿಪಾಯಿ

1853ರ ಮೇ 21ರಂದು ಹೈದರಾಬಾದಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎರೆಹೊಲಗಳಲ್ಲಿ ಜೋಳ ಬೆಳೆದ ರೈತ ಕಟ್ಟುವ ಕಂದಾಯ ಆಮೇಲೆ ನಿಜಾಮರ ಖಜಾನೆಗೆ ಹೋಗಲಿಲ್ಲ. ಅದು ಕುಂಪಣಿಯ ಕೈ ಸೇರಿ, ಬೊಲಾರಮಿನ ದಂಡಿನ ಸಿಪಾಯಿಗಳ ಪಗಾರವಾಯಿತು. ರಾಯಚೂರು ದೋಆಬ್, ಬೇರಾರ್, ಧಾರಾಶಿವ ಹೀಗೆ ಸೀಮೆಗೆ ಸೀಮೆಯೇ ಸೈನಿಕರ ಸಂಬಳಕ್ಕೆ ಒತ್ತೆ ಬಿದ್ದವು. ರಾಯಚೂರು ನಿಜಾಮರಿಗೆ ಮರಳಿ ಸಿಕ್ಕಿದ್ದು 1860ರಲ್ಲಿ.

ಆ ಪಡೆಯ ಹೆಸರು ಹೈದರಾಬಾದ್ ಕಂಟಿಂಜೆಂಟ್. 1811ರಿಂದ 1820ರವರೆಗೆ ಹೈದರಾಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್ ಕಟ್ಟಿದ ಬ್ರಿಗೇಡೇ ಅದರ ಬೇರು. ಹುಕುಂ ಮಾಡುವವರು ಇಂಗ್ಲಿಷ್ ಅಧಿಕಾರಿಗಳು, ಖರ್ಚು ಹೊರುವವರು ನಿಜಾಮರು. ಪಾಮರ್ ಕಂಪನಿಯಿಂದ ದುಬಾರಿ ಬಡ್ಡಿಗೆ ಸಾಲ ಎತ್ತಿ ಪಗಾರ ಹಂಚಿದ್ದೂ ಆಯಿತು. ಸಾಲ ಬೆಳೆಯಿತು, ಕೊನೆಗೆ ಗವರ್ನರ್ ಜನರಲ್ ಡಾಲ್‌ಹೌಸಿ ನೆಲವನ್ನೇ ಕೇಳಿದ. ನಿಜಾಮರ ಸ್ವಂತ ಪಡೆಗಳಲ್ಲೂ ಇದೇ ಗೋಳು. ಯೆಮೆನ್ ದೇಶದ ಹದ್ರಮೌತಿನಿಂದ ಬಂದ ಅರಬ್ ಸಿಪಾಯಿಗಳ ಜಮಾದಾರರು ತಮ್ಮ ಬಾಕಿಗಾಗಿ ತಾಲ್ಲೂಕುಗಳನ್ನು ಹಿಡಿದು ಕೂತಿದ್ದರು. ಅದೇ ಮೇ ತಿಂಗಳಲ್ಲಿ ದಿವಾನರಾದ 24 ವರ್ಷದ ಸಾಲಾರ್ ಜಂಗ್, ಆ ಒತ್ತೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ಇಷ್ಟೆಲ್ಲ ಜಗ್ಗಾಟ ನಡೆದದ್ದು ಬಂದೂಕು ಹೊತ್ತು ನಿಂತವನ ಪಗಾರಕ್ಕೆ. ಬಂದೂಕು ಕೆಳಗಿಟ್ಟವನ ಗತಿ?

ಬ್ರಿಟಿಷ್ ಭಾರತದಲ್ಲಿ 1871ರ ಪಿಂಚಣಿ ಕಾಯ್ದೆ ಇದಕ್ಕೆ ಖಡಾಖಂಡಿತವಾಗಿ ಉತ್ತರ ಕೊಟ್ಟಿತು. ಸರ್ಕಾರ ಕೊಟ್ಟ ಪಿಂಚಣಿಯ ವಿಚಾರವಾಗಿ ಯಾವ ಸಿವಿಲ್ ಕೋರ್ಟೂ ದಾವೆ ಕೈಗೆತ್ತಿಕೊಳ್ಳುವಂತಿಲ್ಲ; ಕಲೆಕ್ಟರರ ಅನುಮತಿಯ ಪತ್ರ ಬೇಕು. ಪಿಂಚಣಿ ಇತ್ತು ನಿಜ, ಆದರೆ ಕೊಡುವವರ ಮರ್ಜಿಯಾಗಿ ಇತ್ತು. ಹೈದರಾಬಾದಿನ ಮಾಜಿ ಸೈನಿಕನ ಚರಿತ್ರೆಯೆಂದರೆ ಈ ಮರ್ಜಿ ಹಕ್ಕಾಗಿ ಮಾರ್ಪಟ್ಟ ಚರಿತ್ರೆಯೇ. ಅದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿದದ್ದು ಸಣ್ಣ ಅನ್ಯಾಯವಲ್ಲ.

ಕಂಟಿಂಜೆಂಟ್ 1903ರಲ್ಲಿ ಭಾರತೀಯ ಸೇನೆಯೊಳಗೆ ಕರಗಿತು. ಅದರ ಕಾಲಾಳು ಪಡೆಗಳು 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ತರುಣ ಅಧಿಕಾರಿಯಾಗಿ ಸೇರಿದ್ದು ಇದೇ ರೆಜಿಮೆಂಟಿನ 4ನೇ ಬೆಟಾಲಿಯನ್‌ಗೆ. ಅಷ್ಟರಲ್ಲಿ ಅದರಲ್ಲಿ ಹೈದರಾಬಾದಿನದೆಂದು ಹೇಳಿಕೊಳ್ಳಲು ಹೆಸರೊಂದೇ ಉಳಿದಿತ್ತು. 1945ರಲ್ಲಿ ಅದೂ ಹೋಗಿ ಕುಮಾವೂಂ ರೆಜಿಮೆಂಟ್ ಆಯಿತು.

ನಗರದಲ್ಲಿ ಉಳಿದದ್ದು ಬಡಾವಣೆಗಳ ಹೆಸರು. ಅರಬ್ ಸಿಪಾಯಿಗಳ ಬ್ಯಾರಕ್ಸ್ ಜನರ ಬಾಯಲ್ಲಿ ಬಾರ್ಕಸ್ ಆಯಿತು. ಮಾಸಾಬ್ ಟ್ಯಾಂಕಿನ ಹತ್ತಿರದ ಎ. ಸಿ. ಗಾರ್ಡ್ಸ್ ಎಂದರೆ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್, ನಿಜಾಮರ ಅಂಗರಕ್ಷಕರಾಗಿದ್ದ ಸಿದ್ದಿ ಸವಾರರು. 1948ರ ಸೆಪ್ಟೆಂಬರ್ 18ರಂದು ನಿಜಾಮರ ಸೇನಾಪತಿ ಜನರಲ್ ಎಲ್ ಎದ್ರೂಸ್ ಭಾರತದ ಸೇನೆಗೆ ಶರಣಾದ ಮೇಲೆ ಸವಾರಿಯೂ ಹೋಯಿತು, ಸರ್ಕಾರಿ ಅನ್ನವೂ ಹೋಯಿತು. ಅವರ ಮಕ್ಕಳು ಸಿಕ್ಕಿದ ಕೂಲಿ, ಸಣ್ಣಪುಟ್ಟ ನೌಕರಿ ಹಿಡಿದರು. ಮದುವೆ ದಿಬ್ಬಣಗಳ ಮುಂದೆ ಬಾರಿಸುವ ಮಾರ್ಫಾ ಕೆಲವರಿಗೆ ಹೊಟ್ಟೆಪಾಡಾಯಿತು. ರಾಜ್ಯವೊಂದು ಅಳಿದಾಗ ಅದರ ಸಿಪಾಯಿಯ ಮುಪ್ಪನ್ನು ಯಾರು ಹೊರಬೇಕೆಂಬ ಪ್ರಶ್ನೆ ಆ ಓಣಿಗಳಲ್ಲಿ ಬಹಳ ಕಾಲ ಹಾಗೇ ಬಿದ್ದಿತ್ತು.

ಸ್ವತಂತ್ರ ಭಾರತದ ಸೈನಿಕನಿಗೆ ಪಿಂಚಣಿ ಖಾತ್ರಿಯಾಗಿದ್ದರೂ 1973ರಲ್ಲಿ ಪೆಟ್ಟು ಬಿತ್ತು. ಮೂರನೇ ವೇತನ ಆಯೋಗದ ನಂತರ ಜವಾನನ ಪಿಂಚಣಿ ಕೊನೆಯ ಸಂಬಳದ ಶೇ 70ರಿಂದ ಶೇ 50ಕ್ಕೆ ಇಳಿಯಿತು. ಮೂವತ್ತೈದರ ಆಸುಪಾಸಿನಲ್ಲೇ ಮನೆಗೆ ಬರುವವನಿಗೆ ಇದು ಭಾರಿ ಹೊರೆ. 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ದಾನವಲ್ಲ, ದುಡಿದವನ ಹಕ್ಕು ಎಂದಿತು. 1871ರ ಧೋರಣೆಗೆ ಸಿಕ್ಕ ನಿಜವಾದ ಉತ್ತರ ಇದು. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಸೈನಿಕನ ದೂರಿಗೆಂದೇ ಒಂದು ಬಾಗಿಲು ತೆರೆಯಿತು; ಹೈದರಾಬಾದಿನವರ ಪಾಲಿಗೆ ಅದು ಚೆನ್ನೈ ಪೀಠ. ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕೂತ ಮೇಲೆ, 2015ರ ನವೆಂಬರ್ 7ರಂದು ಸಮಾನ ಹುದ್ದೆಗೆ ಸಮಾನ ಪಿಂಚಣಿಯ ಆದೇಶ ಬಂತು.

ಆದರೆ ಇವುಗಳಲ್ಲಿ ಸಂಸತ್ತಿನ ಕಾಯ್ದೆ ಎಷ್ಟು ಎಂದು ನೋಡಿದರೆ ನ್ಯಾಯಮಂಡಳಿಯದು ಒಂದೇ. ಉಳಿದವು ಆದೇಶ, ನಿಯಮ, ತೀರ್ಪುಗಳು. ಅಮೆರಿಕ 2022ರಲ್ಲಿ ಕಾಯ್ದೆಯನ್ನೇ ತಂದು, ಯುದ್ಧಭೂಮಿಯ ವಿಷದ ಹೊಗೆ ಕುಡಿದವನಿಗೆ ಬರುವ ಹಲವು ರೋಗಗಳು ಸೇವೆಯಿಂದಲೇ ಬಂದವೆಂದು ಒಪ್ಪಿಕೊಂಡಿತು. ಇಲ್ಲಿ ಅದಕ್ಕೆ ಸಮೀಪದ ಮಾತು ಬಂದದ್ದು ಕೋರ್ಟಿನಿಂದ. ಸಿಗ್ನಲ್ಸ್ ವಿಭಾಗದ ಒಬ್ಬ ಸೈನಿಕನನ್ನು ಮೂರ್ಛೆರೋಗವೆಂದು ಮನೆಗೆ ಕಳಿಸಿ, ಅದು ಹುಟ್ಟಿನಿಂದ ಬಂದದ್ದೆಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಗಿತ್ತು. ಸೇರುವಾಗ ವೈದ್ಯರೇ ಗಟ್ಟಿಮುಟ್ಟೆಂದು ಬರೆದುಕೊಟ್ಟಿದ್ದರೆ, ಆಮೇಲೆ ಬಂದ ರೋಗ ಸೇವೆಯದಲ್ಲವೆಂದು ಸಾಬೀತು ಮಾಡುವ ಹೊಣೆ ಸೇನೆಯದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯಿಲೆ ಬಿದ್ದವನೇ ಕಾಗದ ಹಿಡಿದು ಅಲೆಯಬೇಕಿದ್ದ ವ್ಯವಸ್ಥೆಯನ್ನು ಇದು ತಿರುಗಿಸಿ ನಿಲ್ಲಿಸಿತು.

ಚಿಕಿತ್ಸೆಯ ಕಥೆ ಇನ್ನೂ ತಡ. ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್ ಸೇನೆಯ ವೈದ್ಯ. ದಂಡಿನಲ್ಲಿರುವವನ ಜ್ವರಕ್ಕೆ ಅಷ್ಟು ಶ್ರದ್ಧೆಯಿತ್ತು. ದಂಡಿನಿಂದ ಹೊರಬಿದ್ದವನಿಗೂ, ಅವನ ಹೆಂಡತಿಗೂ ಒಂದು ಪೂರ್ಣ ಏರ್ಪಾಡು ಆದದ್ದು 2003ರ ಏಪ್ರಿಲ್ 1ರಂದು, ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ ಶುರುವಾದಾಗ. ಜನ ಅದನ್ನು ಇ.ಸಿ.ಎಚ್.ಎಸ್. ಎಂದೇ ಕರೆಯುತ್ತಾರೆ. ಮೊದಲ ಮಂಜೂರಾತಿಯಲ್ಲಿ ದೇಶಕ್ಕೆ 227 ಪಾಲಿಕ್ಲಿನಿಕ್‌ಗಳು. ನಿವೃತ್ತಿಯ ಹೊತ್ತಿಗೆ ಒಂದು ಸಲ ವಂತಿಗೆ ಕಟ್ಟಿದರೆ ಮುಗಿಯಿತು. 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರಿಗೆ ಅದೂ ಇಲ್ಲ. 1965, 1971ರ ಯುದ್ಧ ಕಂಡವರು ಬಹುಪಾಲು ಈ ಸಾಲಿನವರೇ, ಈ ವಿನಾಯಿತಿ ಸರಿಯಾದದ್ದು.

ಸಿಕಂದರಾಬಾದಿನಲ್ಲಿ ಇಂಥ ಪಾಲಿಕ್ಲಿನಿಕ್ ಬೆಳಗಿನ ಹೊತ್ತಿಗೇ ತುಂಬಿರುತ್ತದೆ. ಹಿಂದಿ, ತೆಲುಗು, ದಖನಿ ಉರ್ದುವಿನ ನಡುವೆ ಬೀದರ್ ಕಡೆಯ ಕನ್ನಡವೂ ಆಗಾಗ ಕೇಳಿಸುತ್ತದೆ. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಕಾರ್ಡು, ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ರಿಪೋರ್ಟುಗಳು. ದೊಡ್ಡ ಆಸ್ಪತ್ರೆಗೆ ಹೋಗಬೇಕಾದವರು ರೆಫರಲ್ ಕಾಗದಕ್ಕೆ ಕಾಯುತ್ತಾರೆ, ಬಿ.ಪಿ., ಶುಗರಿನವರು ತಿಂಗಳ ಮಾತ್ರೆಗೆ. ಕೌಂಟರಿನಲ್ಲಿ ಔಷಧಿ ಇಲ್ಲದಿದ್ದರೆ ಚೀಟಿಯ ಮೇಲೆ ಆ ಹೆಸರಿನ ಎದುರು ಎರಡು ಅಕ್ಷರ ಬೀಳುತ್ತದೆ: ಎನ್.ಎ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಮತ್ತೆ ಯಾವತ್ತು ಬರಬೇಕೆಂದು ಕೇಳಿಕೊಂಡು ಅವರು ಬಸ್ ಸ್ಟಾಪಿನ ಕಡೆ ನಡೆಯುತ್ತಾರೆ.