ಸರದಿಯ ಲೆಕ್ಕ

ಎಲ್ಲರೂ ಒಮ್ಮೆಗೇ ಕರೆ ಮಾಡಿದರೆ ಯಾರು ಎಷ್ಟು ಹೊತ್ತು ಕಾಯಬೇಕು? ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ ಎ. ಕೆ. ಎರ್ಲಾಂಗ್ 1909ರಲ್ಲಿ ಕರೆಗಳ ದಟ್ಟಣೆಗೆ ಸಂಭವನೀಯತೆಯ ಗಣಿತ ಅನ್ವಯಿಸಿದರು. 1917ರಲ್ಲಿ ಕಾಯುವ ಸಮಯಕ್ಕೂ ಸೂತ್ರ ಕೊಟ್ಟರು.

ಶತಮಾನದ ನಂತರ ಅದೇ ಪ್ರಶ್ನೆ ಜಾಲತಾಣಗಳಿಗೆ ಎದುರಾಯಿತು. 2013ರ ಅಕ್ಟೋಬರ್ 1ರಂದು ತೆರೆದ ಅಮೆರಿಕ ಸರ್ಕಾರದ ಆರೋಗ್ಯ ವಿಮೆ ತಾಣ ಮೊದಲ ದಿನವೇ ನೂಕುನುಗ್ಗಲಿಗೆ ತತ್ತರಿಸಿತು. ಡಿಸೆಂಬರ್ ಹೊತ್ತಿಗೆ ಅಲ್ಲಿಯೂ ಸರದಿ ವ್ಯವಸ್ಥೆ ಬಂತು.

ವರ್ಚುವಲ್ ಕ್ಯೂ ಬಂದವರಿಗೆಲ್ಲ ಟೋಕನ್ ಕೊಟ್ಟು, ಸರ್ವರ್ ತಾಳುವಷ್ಟು ಜನರನ್ನೇ ಒಳಬಿಡುತ್ತದೆ. ನಿಮಿಷಕ್ಕೆ 200 ಜನ ಒಳಹೋದರೆ 6,000ನೆಯವರು ಅರ್ಧ ಗಂಟೆ ಕಾಯಬೇಕು. ಆದರೆ ಪದೇ ಪದೇ ರಿಫ್ರೆಶ್ ಮಾಡಿದವರು ಮುಂದೆ ನುಗ್ಗಲಾರರು. ಇಂಟರ್‌ನೆಟ್ ನಿಧಾನವಿದ್ದವರ ಜಾಗವೂ ಕೈತಪ್ಪದು.