ತುರ್ತುಪರಿಸ್ಥಿತಿ ಮತ್ತು ಒಂದು ಸಿನಿಮಾ ಕುಟುಂಬ

ಬ್ರೆಜಿಲ್ ದೇಶದ ‘ಐ ಆಮ್ ಸ್ಟಿಲ್ ಹಿಯರ್’ ಚಿತ್ರವನ್ನು ನಮ್ಮ ಸದಸ್ಯರಲ್ಲಿ ಕೆಲವರಾದರೂ ನೋಡಿರಬಹುದು. 2025ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. 1964ರಿಂದ 1985ರವರೆಗೆ ಆ ದೇಶವನ್ನು ಸೈನ್ಯವೇ ಆಳಿತು. 1971ರ ಜನವರಿ 20ರಂದು ಮಾಜಿ ಸಂಸದ ರೂಬೆನ್ಸ್ ಪೈವಾ ಅವರನ್ನು ರಿಯೋ ನಗರದ ಮನೆಯಿಂದ ಕರೆದೊಯ್ದರು. ಅವರು ಮರಳಲಿಲ್ಲ, ಶವವೂ ಸಿಗಲಿಲ್ಲ. ಪತ್ನಿ ಯೂನಿಸ್ ಐದು ಮಕ್ಕಳನ್ನು ಬೆಳೆಸಿದರು, ಕಾನೂನು ಓದಿದರು; ಗಂಡನ ಮರಣಪತ್ರ ಕೈಗೆ ಬಂದದ್ದು 1996ರಲ್ಲಿ. ಚಿತ್ರದಲ್ಲಿ ಬಂದೂಕಿಗಿಂತ ಆ ಮನೆಯೇ ಹೆಚ್ಚು ಕಾಣುತ್ತದೆ. ಇದನ್ನು ನೋಡಿ ಕಣ್ಣು ಒರೆಸಿಕೊಳ್ಳುವ ಕನ್ನಡಿಗರಿಗೆ, ಇಂಥದೇ ನೋವುಂಡ ಮನೆಯೊಂದು ಬೆಂಗಳೂರಿನಲ್ಲೇ ಇತ್ತೆಂಬುದು ನೆನಪಾಗಬೇಕು.

ಅದು ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ ರೆಡ್ಡಿ ದಂಪತಿಗಳ ಮನೆ. ಪಟ್ಟಾಭಿ ನೆಲ್ಲೂರು ಕಡೆಯವರು, ತೆಲುಗು ಕವಿ. ಸ್ನೇಹಲತಾ ‘ಮದ್ರಾಸ್ ಪ್ಲೇಯರ್ಸ್’ ರಂಗತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಇಬ್ಬರೂ ಲೋಹಿಯಾ ವಿಚಾರಗಳಿಗೆ ಒಲಿದವರು. ಕನ್ನಡ ಅವರ ತಾಯ್ನುಡಿಯಲ್ಲದಿದ್ದರೂ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದದ್ದು 1970ರ ಅವರ ‘ಸಂಸ್ಕಾರ’. ಅನಂತಮೂರ್ತಿಯವರ ಕಾದಂಬರಿಯ ಆ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. ನಾರಣಪ್ಪನ ಹೆಣಕ್ಕೆ ಅಗ್ರಹಾರವೇ ಸಂಸ್ಕಾರ ನಿರಾಕರಿಸಿದಾಗ ಒಡವೆ ಬಿಚ್ಚಿಟ್ಟ ಚಂದ್ರಿಯ ಪಾತ್ರ ಸ್ನೇಹಲತಾ ಅವರದು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಗೆ ಬಂತು. ಅದು ಸೈನಿಕ ಆಡಳಿತವಲ್ಲ. ಸಂವಿಧಾನದ ಹೆಸರಿನಲ್ಲೇ ನಡೆದದ್ದು. ಆದರೆ ಪೊಲೀಸರು ಬಾಗಿಲು ಬಡಿದ ಮನೆಯವರಿಗೆ ಈ ವ್ಯತ್ಯಾಸದಿಂದ ಸಮಾಧಾನವೇನೂ ಸಿಕ್ಕಿರಲಾರದು. ಹೊಸೂರು, ಕೃಷ್ಣಗಿರಿಗಳು ಆಗ ಧರ್ಮಪುರಿ ಜಿಲ್ಲೆಗೇ ಸೇರಿದ್ದವು. ಕರುಣಾನಿಧಿಯವರ ಸರ್ಕಾರ ತುರ್ತುಪರಿಸ್ಥಿತಿಯನ್ನು ವಿರೋಧಿಸಿದ್ದರಿಂದ, ಅತ್ತಿಬೆಲೆ ದಾಟಿ ಈಚೆ ಬಂದರೆ ಬಿಗಿ ಸ್ವಲ್ಪ ಸಡಿಲವಾಗಿತ್ತು. ಅದೂ ಏಳು ತಿಂಗಳ ಮಾತು. 1976ರ ಜನವರಿ 31ರಂದು ಆ ಸರ್ಕಾರವನ್ನು ವಜಾ ಮಾಡಿದ ಮೇಲೆ ಸೇಲಂ, ಧರ್ಮಪುರಿಗಳಿಗೂ ಬೆಂಗಳೂರಿಗೂ ಭೇದ ಉಳಿಯಲಿಲ್ಲ. ಮದರಾಸು ಸೆರೆಮನೆಯ ಹೊಡೆತಗಳನ್ನು ಉಂಡ ಸಂಸದ ಚಿಟ್ಟಿಬಾಬು 1977ರ ಜನವರಿಯಲ್ಲಿ ತೀರಿಕೊಂಡರು.

ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ರೆಡ್ಡಿ ಕುಟುಂಬ ಅವರಿಗೆ ಆಪ್ತ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ಬಂಧನವನ್ನು ಪ್ರಶ್ನಿಸಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲವೆಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಇದಾದ ನಾಲ್ಕೇ ದಿನಕ್ಕೆ, ಮೇ 2ರಂದು, ಸ್ನೇಹಲತಾ ಅವರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಶಂಕೆ ಹೊರಿಸಲಾಗಿತ್ತು. ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಎಂಟು ತಿಂಗಳು ಬೆಂಗಳೂರು ಸೆರೆಮನೆ. ಅವರಿಗೆ ಉಬ್ಬಸವಿತ್ತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀತ್ಕಾರ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಮುಂದೆ ಬರೆದಿದ್ದಾರೆ. ಇಷ್ಟರ ನಡುವೆಯೂ, ಸಹಬಂದಿಗಳಾದ ಬಡ ಹೆಂಗಸರ ಮೇಲಿನ ಹೊಡೆತ ನಿಲ್ಲಬೇಕೆಂದು ಆಕೆ ಹೋರಾಡಿದರು. ನಟಿಯಾಗಿ ಪಡೆದ ಕೀರ್ತಿಗಿಂತ ಇದು ದೊಡ್ಡದೆಂದು ನನ್ನ ಎಣಿಕೆ.

1977ರ ಜನವರಿ 15ರಂದು, ದೇಹಸ್ಥಿತಿ ಕೈಮೀರಿದ ಮೇಲೆ, ಪೆರೋಲಿನಲ್ಲಿ ಬಿಟ್ಟರು. 18ರಂದು ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಪತಿ ಪಟ್ಟಾಭಿ, ಮಗಳು ನಂದನಾ, ಮಗ ಕೊನಾರಕ್ ಉಳಿದರು. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ಪಟ್ಟಾಭಿ ನಿರ್ದೇಶಿಸಿದ ‘ಚಂಡಮಾರುತ’ 1977ರ ಚಿತ್ರ. ‘ಸಂಸ್ಕಾರ’ವನ್ನು ಹೊಗಳುವ ನಾವು ಇದರ ಹೆಸರನ್ನೇ ಎತ್ತುವುದಿಲ್ಲ. ಸ್ನೇಹಲತಾ ಅವರ ಜೈಲಿನ ದಿನಚರಿ ಇಂಗ್ಲಿಷಿನಲ್ಲಿ ಅದೇ ವರ್ಷ ಅಚ್ಚಾಯಿತು. ಪೈವಾ ಅವರ ಮಗ ತಾಯಿಯ ಕಥೆ ಬರೆದದ್ದರಿಂದ ಬ್ರೆಜಿಲಿನ ಚಿತ್ರ ಹುಟ್ಟಿತು. ನಮ್ಮಲ್ಲಿ ತಾಯಿಯೇ ಬರೆದಿಟ್ಟು ಹೋಗಿದ್ದಾರೆ. ಗಡಿಯ ಈಚೆ ಕಡೆಯ ಆ ಇಪ್ಪತ್ತೊಂದು ತಿಂಗಳ ನೆನಪುಳ್ಳ ಹಿರಿಯರು ಹೊಸೂರಿನಲ್ಲಿ, ಧರ್ಮಪುರಿಯಲ್ಲಿ, ಸೇಲಂನಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಮುಂದಿನ ಸಂಚಿಕೆಗೆ ಬರೆಸಿಕೊಳ್ಳುವ ಕೆಲಸವನ್ನು ನಮ್ಮ ಕಿರಿಯರು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ.