ತ್ವಚೆ ಆರೈಕೆ ಉತ್ಪನ್ನಗಳ ಮರುಭರ್ತಿ ಸೇವೆ: ಅರ್ಜಿದಾರರಿಗೆ ಮಾಹಿತಿ (ಕಟ್ಟಾಯ ಹೋಬಳಿ, ಹಾಸನ ತಾಲ್ಲೂಕು)

1. ಪೀಠಿಕೆ

ಶಾಂಪೂ, ದ್ರವ ಸಾಬೂನು, ಲೋಷನ್, ಮೈಗೆ ಹಚ್ಚುವ ಎಣ್ಣೆ ಮುಂತಾದವುಗಳನ್ನು ಪ್ರತಿ ಬಾರಿಯೂ ಹೊಸ ಸೀಸೆಯಲ್ಲಿ ಕೊಳ್ಳುವ ಬದಲು, ಖಾಲಿಯಾದ ಸೀಸೆಗೇ ಮತ್ತೆ ತುಂಬಿಸಿಕೊಡುವ ವ್ಯವಸ್ಥೆಗೆ ಮರುಭರ್ತಿ ಸೇವೆ ಎನ್ನಲಾಗುತ್ತದೆ. ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ 1976ರಲ್ಲಿ ಆರಂಭವಾದ ಬಾಡಿ ಶಾಪ್ ಅಂಗಡಿಯು ಮೊದಲ ದಿನಗಳಲ್ಲಿ ಸೀಸೆಗಳ ಕೊರತೆಯಿಂದಾಗಿ ಗ್ರಾಹಕರು ತಂದ ಸೀಸೆಗಳನ್ನೇ ತುಂಬಿಸಿಕೊಡುತ್ತಿತ್ತು.

ಹೋಬಳಿ ಮಟ್ಟದಲ್ಲಿ ಇಂತಹ ಸೇವೆಯನ್ನು ಆರಂಭಿಸಲು ಇಚ್ಛಿಸುವ ಅಂಗಡಿದಾರರು ಹಾಗೂ ಸ್ವಸಹಾಯ ಸಂಘಗಳಿಗೆ ಅನುಕೂಲವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ. ಬಂಡವಾಳ ಹೂಡುವ ಮುನ್ನ 3ನೇ ಭಾಗವನ್ನು ಗಮನವಿಟ್ಟು ಓದುವುದು ಅವಶ್ಯಕ.

2. ಸೇವೆಯ ಅಗತ್ಯ

ಶಾಂಪೂವಿನ ಚಿಕ್ಕ ಪ್ಯಾಕೆಟ್ಟುಗಳನ್ನು ಹಲವು ಪದರಗಳ ಹಾಳೆಯಿಂದ ತಯಾರಿಸಲಾಗುತ್ತದೆ. ಪದರಗಳನ್ನು ಬೇರ್ಪಡಿಸುವುದು ಕಷ್ಟವಾದುದರಿಂದ ಇವು ಮರುಬಳಕೆಗೆ ಒದಗುವುದಿಲ್ಲ. ತೂಕ ತೀರಾ ಕಡಿಮೆಯಾದುದರಿಂದ ಗುಜರಿಯವರೂ ಆಯ್ದುಕೊಳ್ಳುವುದಿಲ್ಲ. ಪಂಪ್ ಇರುವ ಸೀಸೆಗಳ ಮುಚ್ಚಳದಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಸ್ಪ್ರಿಂಗ್ ಎರಡೂ ಸೇರಿರುತ್ತವೆ.

5 ಲೀಟರಿನ ಒಂದು ಕ್ಯಾನು 200 ಮಿಲಿಲೀಟರಿನ 25 ಸೀಸೆಗಳಿಗೆ, ಇಲ್ಲವೆ 5 ಮಿಲಿಲೀಟರಿನ 1,000 ಪ್ಯಾಕೆಟ್ಟುಗಳಿಗೆ ಸಮ. 100 ಮನೆಗಳು ತಿಂಗಳಿಗೆ 200 ಮಿಲಿಲೀಟರಿನ ಒಂದೊಂದು ಸೀಸೆ ಕೊಳ್ಳುತ್ತಿದ್ದಲ್ಲಿ ವರ್ಷಕ್ಕೆ 1,200 ಸೀಸೆಗಳಾಗುತ್ತವೆ. ಮರುಭರ್ತಿಯಲ್ಲಿ ಅಷ್ಟೇ ಪ್ರಮಾಣಕ್ಕೆ 48 ಕ್ಯಾನುಗಳು ಸಾಕು. ಆದರೆ ಆ ಕ್ಯಾನುಗಳು ತಯಾರಕರಿಗೆ ಹಿಂದಿರುಗದಿದ್ದಲ್ಲಿ ಅವೂ ತ್ಯಾಜ್ಯವೇ ಆಗುತ್ತವೆ.

ಕೇಂದ್ರ ಸರ್ಕಾರವು 2022ರ ಫೆಬ್ರವರಿ 16ರಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ಕ್ಕೆ ಸೇರಿಸಿದ ಮಾರ್ಗಸೂಚಿಯು ಗಡುಸು ಪ್ಲಾಸ್ಟಿಕ್ ಧಾರಕಗಳ ಮರುಉಪಯೋಗಕ್ಕೆ ಬ್ರ್ಯಾಂಡ್ ಮಾಲೀಕರಿಗೆ ಗುರಿ ನಿಗದಿಪಡಿಸಿತು. 2025-26ನೇ ಸಾಲಿಗೆ ಈ ಗುರಿಯು 0.9 ಲೀಟರಿನಿಂದ 4.9 ಲೀಟರಿನೊಳಗಿನ ಧಾರಕಗಳಿಗೆ ಶೇ. 10 ಹಾಗೂ 4.9 ಲೀಟರ್ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಶೇ. 70 ಆಗಿತ್ತು. ತ್ವಚೆ ಆರೈಕೆಯ ಸಾಮಾನ್ಯ ಸೀಸೆಗಳು 0.9 ಲೀಟರಿಗಿಂತ ಚಿಕ್ಕವು. ಆದ್ದರಿಂದ ಅವು ಈ ಗುರಿಯ ವ್ಯಾಪ್ತಿಗೆ ಬರುವುದಿಲ್ಲ. ಚಿಕ್ಕ ಸೀಸೆಗಳ ತ್ಯಾಜ್ಯವನ್ನು ತಗ್ಗಿಸುವುದು ಬಹುಮಟ್ಟಿಗೆ ಸ್ಥಳೀಯ ವ್ಯವಸ್ಥೆಯನ್ನೇ ಅವಲಂಬಿಸಿದೆ.

3. ಪರವಾನಗಿ: ಯಾವಾಗ ಬೇಕು, ಯಾವಾಗ ಬೇಡ

ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ 3ನೇ ಪ್ರಕರಣದಲ್ಲಿ "ತಯಾರಿಕೆ" ಎಂಬ ಪದವು ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಮತ್ತು ದೊಡ್ಡ ಪ್ರಮಾಣವನ್ನು ಚಿಕ್ಕದಾಗಿ ವಿಂಗಡಿಸುವುದನ್ನೂ ಒಳಗೊಂಡಿದೆ. ಚಿಲ್ಲರೆ ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಮಾಡುವ ಪ್ಯಾಕಿಂಗ್ ಮಾತ್ರ ಇದರಿಂದ ಹೊರತಾಗಿದೆ. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಪ್ರಕಾರ ಖರೀದಿದಾರರು ಹಾಜರಿಲ್ಲದಾಗ ನಿಗದಿತ ಪ್ರಮಾಣದಲ್ಲಿ ತುಂಬಿಟ್ಟ ಸರಕು "ಪೂರ್ವ ಪ್ಯಾಕ್ ಮಾಡಿದ ಸರಕು" ಎನಿಸುತ್ತದೆ. ಆದ್ದರಿಂದ ಗ್ರಾಹಕರ ಸಮ್ಮುಖದಲ್ಲಿ ತುಂಬುವುದಕ್ಕೂ ಮೊದಲೇ ತುಂಬಿಡುವುದಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸವಿದೆ.

(ಅ) ಗ್ರಾಹಕರ ಎದುರಿನಲ್ಲಿ ಭರ್ತಿ: ಪರವಾನಗಿ ಪಡೆದ ತಯಾರಕರ ಮೂಲ ಕ್ಯಾನಿನಿಂದ, ಗ್ರಾಹಕರು ತಂದ ಸೀಸೆಗೆ, ಕೇಳಿದಷ್ಟು ಅಳೆದು ಕೊಡುವುದು. ಇದು ಚಿಲ್ಲರೆ ಮಾರಾಟದ ಸ್ವರೂಪದ್ದು.

(ಆ) ಮೊದಲೇ ತುಂಬಿಡುವುದು: ಸಂಗ್ರಹಿಸಿದ ಸೀಸೆಗಳನ್ನು ತೊಳೆದು, ತುಂಬಿ, ಸಂಘದ ಅಥವಾ ಅಂಗಡಿಯ ಹೆಸರಿನ ಲೇಬಲ್ ಅಂಟಿಸಿ ಮಾರುವುದು. ಇದಕ್ಕೆ ಕಾಂತಿವರ್ಧಕಗಳ ನಿಯಮಗಳು, 2020ರ ಅನ್ವಯ ತಯಾರಿಕಾ ಪರವಾನಗಿ ಪಡೆಯತಕ್ಕದ್ದು. ಅರ್ಜಿ ನಮೂನೆ ಸಿಒಎಸ್-5. ಪರವಾನಗಿಯನ್ನು ನಮೂನೆ ಸಿಒಎಸ್-8ರಲ್ಲಿ ನೀಡಲಾಗುತ್ತದೆ. ಪ್ಯಾಕ್ ಮಾಡಲು ಆರಂಭಿಸಿದ 90 ದಿನಗಳೊಳಗೆ ಪ್ಯಾಕರ್ ಎಂದು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು.

(ಇ) ಸೀಸೆ ವಾಪಸಾತಿ: ಅಂಗಡಿಯು ಠೇವಣಿ ಪಡೆದು ಖಾಲಿ ಸೀಸೆಗಳನ್ನು ಸಂಗ್ರಹಿಸಿ ತಯಾರಕರಿಗೆ ಕಳುಹಿಸುತ್ತದೆ. ತೊಳೆಯುವ, ತುಂಬುವ ಮತ್ತು ಮೊಹರು ಮಾಡುವ ಕೆಲಸ ತಯಾರಕರದೇ ಆಗಿರುತ್ತದೆ.

ಸ್ವಸಹಾಯ ಸಂಘಗಳು (ಆ) ವಿಧಾನವನ್ನು ಪರವಾನಗಿಯಿಲ್ಲದೆ ಆರಂಭಿಸಿದಲ್ಲಿ ದಾಸ್ತಾನು ಜಪ್ತಿಯಾಗುವ ಮತ್ತು ಮೊಕದ್ದಮೆ ಎದುರಿಸುವ ಸಂಭವವಿರುತ್ತದೆ. ಕಟ್ಟಾಯದಂತಹ ಹೋಬಳಿ ಕೇಂದ್ರದಲ್ಲಿ (ಅ) ಅಥವಾ (ಇ) ವಿಧಾನದಿಂದ ಆರಂಭಿಸುವುದು ಸೂಕ್ತ.

4. ಉತ್ಪನ್ನಗಳ ಆಯ್ಕೆ

ನೀರಿನಂಶವಿರುವ ಉತ್ಪನ್ನದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ತಯಾರಕರು ಸೇರಿಸಿದ ಸಂರಕ್ಷಕವು ಇದನ್ನು ಒಂದು ಮಿತಿಯವರೆಗೆ ಮಾತ್ರ ತಡೆಯುತ್ತದೆ. ಸೀಸೆಯ ತಳದಲ್ಲಿ ಉಳಿದ ತೊಳೆದ ನೀರು ಸಂರಕ್ಷಕವನ್ನು ತೆಳುವಾಗಿಸುತ್ತದೆ. ಗಾಯ ಅಥವಾ ಕಜ್ಜಿ ಇರುವ ಚರ್ಮಕ್ಕೆ ಇಂತಹ ಉತ್ಪನ್ನದಿಂದ ಸೋಂಕು ತಗಲಬಹುದು.

* ಅಂಗಡಿಯಲ್ಲಿ ಭರ್ತಿಗೆ ಸೂಕ್ತ: ನೀರಿಲ್ಲದ ಮೈ ಎಣ್ಣೆಗಳು, ಸೀಗೆಕಾಯಿ, ಅಂಟುವಾಳ ಮುಂತಾದ ಒಣ ಸ್ನಾನದ ಪುಡಿಗಳು.
* ಎಚ್ಚರಿಕೆಯಿಂದ: ಶಾಂಪೂ, ದ್ರವ ಸಾಬೂನು. ಕ್ಯಾನಿಗೆ ನಲ್ಲಿ ಇರಬೇಕು. ಸೌಟು ಅಥವಾ ಲೋಟ ಅದ್ದಬಾರದು.
* ಅಂಗಡಿಯಲ್ಲಿ ಬೇಡ: ಡಬ್ಬಿಯ ಕ್ರೀಮು, ಮಕ್ಕಳ ಲೋಷನ್, ಕಣ್ಣಿನ ಸುತ್ತ ಹಚ್ಚುವಂತಹವು. ಇವುಗಳಿಗೆ (ಇ) ವಿಧಾನವೇ ಸರಿ.
* ಭರ್ತಿಯ ಅಗತ್ಯವೇ ಇಲ್ಲದ್ದು: ಗಟ್ಟಿ ಸಾಬೂನು. ಇದಕ್ಕೆ ಸೀಸೆ ಬೇಕಿಲ್ಲ.

ಕೊಬ್ಬರಿ ಎಣ್ಣೆಯನ್ನು ಮೈಗೂ ತಲೆಗೂ ಹಚ್ಚುವ ರೂಢಿಯಿದೆ. ಆದರೆ ಖಾದ್ಯ ತೈಲವಾಗಿ ಮಾರುವ ಎಣ್ಣೆಯು ಆಹಾರ ಸುರಕ್ಷತಾ ಕಾನೂನಿಗೆ ಒಳಪಡುತ್ತದೆ ಹಾಗೂ ಖಾದ್ಯ ತೈಲದ ಬಿಡಿ ಮಾರಾಟಕ್ಕೆ ನಿರ್ಬಂಧವಿದೆ. ಇದನ್ನು ಪಟ್ಟಿಗೆ ಸೇರಿಸುವ ಮುನ್ನ ಆಹಾರ ಸುರಕ್ಷತಾ ಅಧಿಕಾರಿಗಳಿಂದ ತಿಳಿದುಕೊಳ್ಳಬೇಕು.

5. ಅಂಗಡಿಯಲ್ಲಿ ಪಾಲಿಸಬೇಕಾದ ಕ್ರಮ

1) ಸೀಸೆ ಸ್ವಚ್ಛವಾಗಿ, ಒಳಗೆ ಪೂರ್ಣ ಒಣಗಿರಬೇಕು. ಒದ್ದೆ ಸೀಸೆಯನ್ನು ಹಿಂದಿರುಗಿಸಬೇಕು.

2) ಆಲೂಗೆಡ್ಡೆ, ಶುಂಠಿ ಮುಂತಾದ ಬೆಳೆಗಳ ಸಿಂಪಡಣೆಗೆ ಬಳಸಿದ ಕೀಟನಾಶಕ ಅಥವಾ ಶಿಲೀಂಧ್ರನಾಶಕದ ಡಬ್ಬಿಯನ್ನು, ಎಷ್ಟೇ ತೊಳೆದಿದ್ದರೂ, ಯಾವ ಕಾರಣಕ್ಕೂ ಸ್ವೀಕರಿಸಬಾರದು.

3) ಸೀಸೆಯ ಮೇಲೆ ಬೇರೆ ಕಂಪನಿಯ ಲೇಬಲ್ ಇದ್ದಲ್ಲಿ ತೆಗೆಯಬೇಕು.

4) ಖಾಲಿ ಸೀಸೆಯನ್ನು ಮೊದಲು ತೂಗಿ, ಅದರ ತೂಕವನ್ನು ಕಳೆದು ಹಣ ಪಡೆಯಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ, ದ್ರವ ಅಳೆಯುವ ಮಾಪುಗಳಿಗೆ 2 ವರ್ಷಗಳಿಗೊಮ್ಮೆ ಇಲಾಖೆಯ ಮುದ್ರೆ ಹಾಕಿಸಬೇಕು.

5) ಉತ್ಪನ್ನದ ಹೆಸರು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಹಾಗೂ ಭರ್ತಿ ಮಾಡಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಸೀಸೆಗೆ ಅಂಟಿಸಬೇಕು. ತುರಿಕೆ, ಗಂಧೆ ಕಾಣಿಸಿಕೊಂಡಲ್ಲಿ ಕಾರಣ ಪತ್ತೆಹಚ್ಚಲು ವೈದ್ಯರಿಗೂ ಗ್ರಾಹಕರಿಗೂ ಈ ಚೀಟಿಯೇ ಆಧಾರ.

6) ಹಳೆಯ ಕ್ಯಾನಿನಲ್ಲಿ ಉಳಿದದ್ದನ್ನು ಹೊಸ ಕ್ಯಾನಿಗೆ ಸುರಿಯಬಾರದು.

ಹಳ್ಳಿಗಳ ಜನರು ನಾಡಕಚೇರಿ ಮುಂತಾದ ಕೆಲಸಗಳಿಗೆ ಹೋಬಳಿ ಕೇಂದ್ರಕ್ಕೆ ಬರುವಾಗಲೇ ಸೀಸೆ ತರುವಂತೆ ವಾರದ ದಿನವನ್ನು ಗೊತ್ತುಪಡಿಸುವುದು ಅನುಕೂಲಕರ. ಯುಗಾದಿ, ದೀಪಾವಳಿಯ ಎಣ್ಣೆಸ್ನಾನದ ಸಮಯಕ್ಕೆ ಬೇಡಿಕೆ ಹೆಚ್ಚುವುದನ್ನು ಗಮನದಲ್ಲಿಟ್ಟು ದಾಸ್ತಾನು ತರಿಸಬೇಕು. ಬಳಕೆಗೆ ಬಾರದ ಸೀಸೆಗಳನ್ನು ಗ್ರಾಮ ಪಂಚಾಯಿತಿಯ ಒಣ ಕಸ ಸಂಗ್ರಹಣೆಗೆ ನೀಡತಕ್ಕದ್ದು.

6. ಸಂಪರ್ಕಿಸಬೇಕಾದ ಕಚೇರಿಗಳು

* ವ್ಯಾಪಾರ ಪರವಾನಗಿ: ಸಂಬಂಧಿಸಿದ ಗ್ರಾಮ ಪಂಚಾಯಿತಿ.
* ಉದ್ಯಮ ನೋಂದಣಿ: ಕೇಂದ್ರ ಸರ್ಕಾರದ ಉದ್ಯಮ್ ಜಾಲತಾಣ (2020ರ ಜುಲೈ 1ರಿಂದ ಜಾರಿಯಲ್ಲಿದೆ, ಶುಲ್ಕವಿಲ್ಲ).
* ತೂಕ ಮತ್ತು ಅಳತೆ ಮುದ್ರೆ: ಕಾನೂನು ಮಾಪನಶಾಸ್ತ್ರ ನಿರೀಕ್ಷಕರು.
* ಕಾಂತಿವರ್ಧಕ ಪರವಾನಗಿ: ಔಷಧ ನಿಯಂತ್ರಣದ ಜಿಲ್ಲಾ ಮಟ್ಟದ ಅಧಿಕಾರಿಗಳು.

7. ಬೇಕಾಗುವ ದಾಖಲೆಗಳು

ಸಾಮಾನ್ಯವಾಗಿ ಗುರುತಿನ ಚೀಟಿ, ಮಳಿಗೆಯ ಮಾಲೀಕತ್ವ ಅಥವಾ ಬಾಡಿಗೆ ಕರಾರು, ಸಂಘವಾದಲ್ಲಿ ನಿರ್ಣಯದ ಪ್ರತಿ ಬೇಕಾಗುತ್ತವೆ. ಇವುಗಳೊಂದಿಗೆ ತಯಾರಕರ ಪರವಾನಗಿಯ ಪ್ರತಿ, ಬಿಡಿಯಾಗಿ ಮಾರಲು ಅವರು ನೀಡಿದ ಒಪ್ಪಿಗೆ ಪತ್ರ ಮತ್ತು ಖರೀದಿ ಬಿಲ್ಲುಗಳನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದು ಒಳಿತು.

ಸೂಚನೆ: ಯಾವ ಉತ್ಪನ್ನವನ್ನು, ಯಾರ ಎದುರಿನಲ್ಲಿ, ಯಾವ ಕ್ಯಾನಿನಿಂದ ತುಂಬಲಾಗುವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಸಲ್ಲಿಸಿ, ಲಿಖಿತ ಅಭಿಪ್ರಾಯ ಪಡೆದ ನಂತರವೇ ಕ್ಯಾನು ಮತ್ತು ಉಪಕರಣಗಳನ್ನು ಖರೀದಿಸಲು ಅರ್ಜಿದಾರರಿಗೆ ಸಲಹೆ ನೀಡಲಾಗಿದೆ.